ಒತ್ತು ಬಿದ್ದಲ್ಲಿ ಒತ್ತಕ್ಷರ: ಸ್ಪ್ಯಾನಿಷ್‌ನ ಧಾತು ಬದಲಾಗುವ ಕ್ರಿಯಾಪದಗಳು, ಹಂತ ಹಂತವಾಗಿ

ಸ್ಪ್ಯಾನಿಷ್ ಕಲಿಯುವವರು ಎಡವುವ ಮೊದಲ ದೊಡ್ಡ ಕಲ್ಲು ಹೆಚ್ಚೂಕಡಿಮೆ ಒಂದೇ. ‘ಪೊದೆರ್’ ಎಂದರೆ ಸಾಧ್ಯವಾಗು. ‘ನನಗೆ ಸಾಧ್ಯ’ ಎನ್ನಲು ‘ಪೊದೊ’ ಎಂದು ಬರೆದು ತರುತ್ತಾರೆ. ಅದು ‘ಪ್ವೆದೊ’ ಎಂದು ತಿದ್ದಿಕೊಟ್ಟರೆ ಮರುದಿನ ‘ನಮಗೆ ಸಾಧ್ಯ’ ಎನ್ನಲು ‘ಪ್ವೆದೆಮೊಸ್’ ಎಂದು ತರುತ್ತಾರೆ. ಅದೂ ತಪ್ಪು, ‘ಪೊದೆಮೊಸ್’ ಸರಿ. ಮೂರನೆಯ ದಿನಕ್ಕೆ ಗೊಂದಲ ಎಷ್ಟು ಬೆಳೆದಿರುತ್ತದೆಂದರೆ, ಎಂದೂ ಬದಲಾಗದ ‘ಕೊಮೆರ್’, ಅಂದರೆ ತಿನ್ನು, ‘ಕ್ವೆಮೊ’ ಆಗಿ ಕುಳಿತಿರುತ್ತದೆ. ಅಂದ ಹಾಗೆ ‘ಪೊದೊ’ ಎಂಬ ಪದ ಸ್ಪ್ಯಾನಿಷ್‌ನಲ್ಲಿ ಇಲ್ಲದಿಲ್ಲ. ‘ಕೊಂಬೆ ಸವರುತ್ತೇನೆ’ ಎಂಬುದು ಅದರ ಅರ್ಥ.

ಪಠ್ಯಪುಸ್ತಕಗಳು ಇಲ್ಲಿ ಬೂಟಿನ ಚಿತ್ರ ಬರೆದು ತೋರಿಸುತ್ತವೆ: ಆರು ರೂಪಗಳಲ್ಲಿ ನಾಲ್ಕು ಬೂಟಿನೊಳಗೆ, ಎರಡು ಹೊರಗೆ. ಚಿತ್ರ ಸುಳ್ಳಲ್ಲ. ಆದರೆ ಎಲ್ಲಿ ಬದಲಾಗುತ್ತದೆ ಎಂದು ಹೇಳಿ, ಏಕೆ ಎಂಬುದನ್ನು ನುಂಗಿಬಿಡುತ್ತದೆ. ಕಾರಣ ತಿಳಿಯದೆ ಚಿತ್ರವನ್ನು ಉರು ಹೊಡೆದವರು ಭೂತಕಾಲಕ್ಕೆ ಬಂದ ಕೂಡಲೇ ಮತ್ತೆ ಬೀಳುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಹಾರಿಸಿ ಮೂರನೆಯದಕ್ಕೆ ಹೋದವರೇ ಹೆಚ್ಚಾಗಿ ಸೋಲುವುದು.

## ಆರಂಭಿಸುವ ಮುನ್ನ

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಧ್ವನಿಮುದ್ರಣಕ್ಕೆ ಮೊಬೈಲ್ ಮತ್ತು ಕ್ರಿಯಾಪದಗಳ ಪೂರ್ಣ ರೂಪಾವಳಿ ಕೊಡುವ ಒಂದು ನಿಘಂಟು ಬೇಕು. ಸ್ಪ್ಯಾನಿಷ್ ಭಾಷೆಯ ಅಕಾಡೆಮಿಯಾದ ರೆಯಾಲ್ ಅಕದೆಮ್ಯ ಎಸ್ಪನ್ಯೊಲದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರತಿ ಕ್ರಿಯಾಪದದ ರೂಪಾವಳಿಯೂ ಅದರಲ್ಲಿದೆ. ಅನುಮಾನ ಬಂದಾಗ ಊಹಿಸಬೇಡಿ, ತೆರೆದು ನೋಡಿ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಎ ಮತ್ತು ಒ ಎಲ್ಲೆಡೆ ಹ್ರಸ್ವ. ಅಕಾರದ ಮೇಲೆ ಉಚ್ಚಾರಣೆಯ ಒತ್ತು ಬಿದ್ದಾಗ ಮಾತ್ರ ‘ಆ’ ಎಂದು ದೀರ್ಘ ಮಾಡಿದ್ದೇನೆ. ಸ್ಪ್ಯಾನಿಷ್‌ನ ಎರಡು ಬೇರೆ ಅಕ್ಷರಗಳನ್ನು ಬಕಾರವಾಗಿಯೇ ಉಚ್ಚರಿಸುವುದರಿಂದ ‘ವ’ ನಿರೀಕ್ಷಿಸಿದ ಕಡೆ ‘ಬ’ ಕಂಡರೆ ಬೆದರಬೇಡಿ.

ಕನ್ನಡ ಲಿಪಿ ಇಲ್ಲಿ ಬರಿಯ ಅನುಕೂಲವಲ್ಲ, ಒಂದು ಉಪಕರಣವೇ. ರೋಮನ್ ಲಿಪಿಯಲ್ಲಿ ಒಂದು ಸ್ವರ ಎರಡಾಗುವುದಷ್ಟೇ ಕಾಣುತ್ತದೆ. ಕನ್ನಡದಲ್ಲಿ ಬರೆದರೆ ಎಕಾರ ಇದ್ದಲ್ಲಿ ಯ ಒತ್ತಕ್ಷರ, ಒಕಾರ ಇದ್ದಲ್ಲಿ ವ ಒತ್ತಕ್ಷರ ಬಂದು ಕೂರುವುದು ಕಣ್ಣಿಗೇ ಕಾಣುತ್ತದೆ: ಪೆನ್ಸಾರ್, ಪ್ಯೆನ್ಸೊ, ಪೊದೆರ್, ಪ್ವೆದೊ. ‘ಪಿಯೆನ್ಸೊ’ ಎಂದು ಮೂರು ಅಕ್ಷರ ಮಾಡಿ ಎಳೆಯಬೇಡಿ. ‘ಪ್ಯೆನ್’ ಒಂದೇ ಉಸಿರಿನ ಧ್ವನಿ.

## ಹಂತ 1: ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿಸಿಕೊಳ್ಳಿ

ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬೇರೆಯಾಗುತ್ತದೆ. ಕಡು ಬೇರೆ, ಕಾಡು ಬೇರೆ. ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಕೆಡುತ್ತದೆ. ‘ಆಬ್ಲೊ’ ಎಂದು ಮೊದಲಕ್ಷರ ಒತ್ತಿದರೆ ‘ಮಾತನಾಡುತ್ತೇನೆ’. ‘ಅಬ್ಲೊ’ ಎಂದು ಕೊನೆಯದನ್ನು ಒತ್ತಿದರೆ ‘ಅವನು ಮಾತನಾಡಿದ’. ನಮ್ಮ ಕಿವಿಗೆ ಈ ಅಭ್ಯಾಸ ಇಲ್ಲದಿರುವುದೇ ತೊಂದರೆಯ ಬೇರು.

ನಿಯಮ ಸರಳ. ಸ್ವರದಲ್ಲಿ, ನಕಾರದಲ್ಲಿ ಅಥವಾ ಸಕಾರದಲ್ಲಿ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದರ ಮೇಲೆ. ಇದನ್ನು ಮೀರಬೇಕಾದಾಗ ಸ್ವರದ ತಲೆಯ ಮೇಲೆ ಓರೆಗೀಟು ಹಾಕುತ್ತಾರೆ.

ಈಗ ಪೆನ್ಸಾರ್, ಅಂದರೆ ಯೋಚಿಸು, ಇದರ ವರ್ತಮಾನ ರೂಪಗಳನ್ನು ಮೇಜು ತಟ್ಟುತ್ತಾ ಗಟ್ಟಿಯಾಗಿ ಹೇಳಿ. ಒತ್ತು ಬಿದ್ದಲ್ಲಿ ಮಾತ್ರ ತಟ್ಟಬೇಕು:

ನಾನು: ಪ್ಯೆನ್‌-ಸೊ
ನೀನು: ಪ್ಯೆನ್‌-ಸಸ್
ಅವನು, ಅವಳು, ತಾವು: ಪ್ಯೆನ್‌-ಸ
ನಾವು: ಪೆನ್‌-ಸಾ-ಮೊಸ್
ನೀವು (ಸ್ಪೇನ್‌ನಲ್ಲಿ): ಪೆನ್‌-ಸಾಯ್ಸ್
ಅವರು, ತಾವೆಲ್ಲರೂ: ಪ್ಯೆನ್‌-ಸನ್

ಕೈ ಧಾತುವಿನ ಮೇಲೆ ಬಿದ್ದ ನಾಲ್ಕು ಕಡೆ ಒತ್ತಕ್ಷರ ಬಂದಿದೆ. ಕೈ ಪ್ರತ್ಯಯದ ಮೇಲೆ ಬಿದ್ದ ಎರಡು ಕಡೆ ಬಂದಿಲ್ಲ. ಒತ್ತು ಬಿದ್ದಲ್ಲಿ ಒತ್ತಕ್ಷರ. ಬೂಟು ಬೇಡ, ಇಷ್ಟು ಸಾಕು.

ಇದು ಕಾಕತಾಳೀಯವಲ್ಲ ಎನ್ನಲು ಅರ್ಜೆಂಟೀನಾ, ಉರುಗ್ವೆಗಳ ಮಾತನ್ನು ಗಮನಿಸಿ. ಅಲ್ಲಿ ‘ನೀನು’ ಎನ್ನಲು ‘ತು’ ಬದಲು ‘ಬೊಸ್’ ಬಳಸುತ್ತಾರೆ. ಅದರ ವರ್ತಮಾನ ರೂಪದಲ್ಲಿ ಒತ್ತು ಪ್ರತ್ಯಯಕ್ಕೆ ಜಾರುತ್ತದೆ. ಹಾಗಾಗಿ ತು ಪ್ವೆದೆಸ್, ಆದರೆ ಬೊಸ್ ಪೊದೆಸ್. ತು ಪ್ಯೆನ್ಸಸ್, ಆದರೆ ಬೊಸ್ ಪೆನ್ಸಾಸ್. ವ್ಯಕ್ತಿ ಅದೇ, ಅರ್ಥ ಅದೇ. ಒತ್ತು ಸರಿದದ್ದೇ ಒತ್ತಕ್ಷರವೂ ಹೋಯಿತು. ಬೂಟಿನ ಚಿತ್ರ ಇದನ್ನು ವಿವರಿಸಲಾರದು.

## ಹಂತ 2: ಧಾತುವನ್ನು ಕತ್ತರಿಸಿ, ಕೊನೆಯ ಸ್ವರ ಹಿಡಿಯಿರಿ

ಮೂಲರೂಪದ ಕೊನೆಯ ಆರ್, ಎರ್, ಇರ್ ಕತ್ತರಿಸಿ. ಉಳಿದದ್ದು ಧಾತು. ಅದರಲ್ಲಿ ಎರಡು ಮೂರು ಸ್ವರಗಳಿದ್ದರೆ ಬದಲಾಗುವುದು ಕೊನೆಯದು ಮಾತ್ರ, ಏಕೆಂದರೆ ಒತ್ತು ತಲುಪುವುದು ಅದಕ್ಕೇ.

ಎಂತೆಂದೆರ್, ಅಂದರೆ ಅರ್ಥಮಾಡಿಕೊ: ಎಂತ್ಯೆಂದೊ. ಪ್ರೆಫೆರಿರ್, ಹೆಚ್ಚು ಇಷ್ಟಪಡು: ಪ್ರೆಫ್ಯೆರೊ. ರೆಕೊರ್ದಾರ್, ನೆನಪಿಡು: ರೆಕ್ವೆರ್ದೊ. ರೆಪೆತಿರ್, ಪುನರುಚ್ಚರಿಸು: ರೆಪಿತೊ. ‘ಪ್ರ್ಯೆಫೆರೊ’ ಎಂದು ಬರೆದವರು ಮೊದಲು ಕಂಡ ಎಕಾರಕ್ಕೆ ಕೈ ಹಾಕಿದ್ದಾರೆ. ಬದಲಾಗುವ ಸ್ವರವನ್ನು ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಿದ ಮೇಲೆಯೇ ಮುಂದಿನ ಅಕ್ಷರ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

## ಹಂತ 3: ಯಾವ ಗುಂಪು ಎಂದು ಗುರುತಿಸಿ

ಮುಖ್ಯ ಗುಂಪುಗಳು ಮೂರು.

ಯ ಒತ್ತಿನ ಗುಂಪು: ಪೆನ್ಸಾರ್, ಸೆರ್ರಾರ್ (ಮುಚ್ಚು), ಎಂಪೆಸಾರ್ (ಆರಂಭಿಸು), ಕೆರೆರ್ (ಬಯಸು), ಪೆರ್ದೆರ್ (ಕಳೆದುಕೊ), ಸೆಂತಿರ್ (ಅನ್ನಿಸು), ಮೆಂತಿರ್ (ಸುಳ್ಳು ಹೇಳು).

ವ ಒತ್ತಿನ ಗುಂಪು: ಪೊದೆರ್, ಕೊಂತಾರ್ (ಎಣಿಸು, ಕಥೆ ಹೇಳು), ಎಂಕೊಂತ್ರಾರ್ (ಕಂಡುಕೊ), ಬೊಲ್ಬೆರ್ (ಮರಳು), ದೊರ್ಮಿರ್ (ನಿದ್ರಿಸು), ಮೊರಿರ್ (ಸಾಯು). ಹುಗಾರ್, ಅಂದರೆ ಆಡು, ಉಕಾರದಿಂದ ಬಂದು ಈ ಗುಂಪು ಸೇರಿದ ಒಂಟಿ ಸದಸ್ಯ: ಹ್ವೆಗೊ, ಹ್ವೆಗಸ್, ಹ್ವೆಗ, ಹುಗಾಮೊಸ್.

ಇಕಾರದ ಗುಂಪು: ಪೆದಿರ್ (ಬೇಡು), ಸೆರ್ಬಿರ್ (ಬಡಿಸು, ಉಪಯೋಗಕ್ಕೆ ಬರು), ಸೆಗಿರ್ (ಹಿಂಬಾಲಿಸು, ಮುಂದುವರಿ), ಬೆಸ್ತಿರ್ (ಉಡಿಸು), ಮೆದಿರ್ (ಅಳೆ). ಇಲ್ಲಿ ಒತ್ತಕ್ಷರವಿಲ್ಲ, ಎಕಾರ ನೇರವಾಗಿ ಇಕಾರವಾಗುತ್ತದೆ: ಪಿದೊ, ಸಿರ್ಬೊ, ಸಿಗೊ. ಈ ಗುಂಪಿನಲ್ಲಿ ಇರುವುದೆಲ್ಲ ‘ಇರ್’ ಕ್ರಿಯಾಪದಗಳೇ. ಆರ್ ಅಥವಾ ಎರ್ ಕ್ರಿಯಾಪದಕ್ಕೆ ಇಕಾರದ ರೂಪ ಬರೆಯುತ್ತಿದ್ದರೆ ಪೆನ್ನು ಕೆಳಗಿಡಿ.

ಒತ್ತಕ್ಷರ ಕೂರಲು ವ್ಯಂಜನವೇ ಇಲ್ಲದಿದ್ದರೆ? ಒಲೆರ್ ಎಂದರೆ ಮೂಸು, ವಾಸನೆ ಬರು. ಎರ್ರಾರ್ ಎಂದರೆ ತಪ್ಪು. ಆಗ ವ, ಯ ಸ್ವತಂತ್ರವಾಗಿ ನಿಲ್ಲುತ್ತವೆ: ವೆಲೊ, ಯೆರ್ರೊ. ಸ್ಪ್ಯಾನಿಷ್ ಬರವಣಿಗೆಯಲ್ಲಿ ‘ವೆಲೊ’ ಮುಂದೆ ಉಚ್ಚಾರವಿಲ್ಲದ ಹಕಾರ ಸೇರಿಸಬೇಕು. ಅದನ್ನು ಮರೆಯದವರು ಕಡಿಮೆ.

ಒಂದು ಕ್ರಿಯಾಪದ ಬದಲಾಗುತ್ತದೋ ಇಲ್ಲವೋ ಎಂದು ಮೂಲರೂಪ ನೋಡಿ ಹೇಳುವುದು ಕಷ್ಟ. ಎಂತೆಂದೆರ್ ಎಂತ್ಯೆಂದೊ ಆದರೆ, ಹತ್ತಿರದ ಅರ್ಥದ ಕೊಂಪ್ರೆಂದೆರ್ ಬರೇ ಕೊಂಪ್ರೆಂದೊ. ದೆಫೆಂದೆರ್ (ರಕ್ಷಿಸು) ದೆಫ್ಯೆಂದೊ, ಆದರೆ ದೆಪೆಂದೆರ್ (ಅವಲಂಬಿಸು) ದೆಪೆಂದೊ. ಕೊಂತಾರ್ ಕ್ವೆಂತೊ, ಮೊಂತಾರ್ (ಏರು) ಮೊಂತೊ. ನಮ್ಮ ನಗು ‘ನಕ್ಕ’ ಆಗಿ, ಕೂಗು ಮಾತ್ರ ‘ಕೂಗಿದ’ ಆಗುವುದನ್ನು ಹೊರಗಿನವರಿಗೆ ವಿವರಿಸಲು ಹೊರಟರೆ ಇದೇ ಪಾಡು.

ಹಾಗಿದ್ದರೂ ಎರಡು ಸುಳಿವುಗಳಿವೆ. ಮೊದಲನೆಯದು ನಿಘಂಟು: ಕಲಿಯುವವರ ನಿಘಂಟುಗಳಲ್ಲಿ ಹಲವು, ಬದಲಾಗುವ ಸ್ವರವನ್ನು ಮೂಲರೂಪದ ಪಕ್ಕದ ಆವರಣದಲ್ಲೇ ಕೊಡುತ್ತವೆ. ಒಂದೇ ಗುರುತು ಇದ್ದರೆ ಒಂದೇ ಬದಲಾವಣೆ; ಅಲ್ಪವಿರಾಮ ಹಾಕಿ ಎರಡು ಕೊಟ್ಟಿದ್ದರೆ ಹಂತ 6ರ ಬದಲಾವಣೆಯೂ ಉಂಟು ಎಂದರ್ಥ. ಎರಡನೆಯ ಸುಳಿವು ನನಗೆ ಹೆಚ್ಚು ಪ್ರಿಯ: ಸಂಬಂಧಿಸಿದ ನಾಮಪದ ನೋಡಿ. ಕ್ವೆಂತೊ ಎಂದರೆ ಕಥೆ, ಬ್ವೆಲೊ ಹಾರಾಟ, ಹ್ವೆಗೊ ಆಟ, ಪ್ರ್ವೆಬ ಸಾಕ್ಷ್ಯ, ಗೊಬ್ಯೆರ್ನೊ ಸರ್ಕಾರ. ನಾಮಪದದಲ್ಲಿ ಒತ್ತಕ್ಷರ ಕಂಡರೆ ಕೊಂತಾರ್, ಬೊಲಾರ್, ಹುಗಾರ್, ಪ್ರೊಬಾರ್, ಗೊಬೆರ್ನಾರ್ ಬದಲಾಗುತ್ತವೆ ಎಂದು ಹೆಚ್ಚಿನ ಸಲ ಧೈರ್ಯದಿಂದ ಹೇಳಬಹುದು. ಪ್ರತಿ ಸಲವೂ ಅಲ್ಲ: ಉತ್ತರಕ್ಕೆ ‘ರೆಸ್ಪ್ವೆಸ್ತ’ ಎನ್ನುತ್ತಾರೆ, ‘ಉತ್ತರಿಸುತ್ತೇನೆ’ ಎನ್ನಲು ಮಾತ್ರ ‘ರೆಸ್ಪೊಂದೊ’.

ಒಂದನ್ನು ಕಲಿತರೆ ಅದರ ಮಕ್ಕಳು ಪುಕ್ಕಟೆ. ಬೊಲ್ಬೆರ್‌ನಂತೆಯೇ ದೆಬೊಲ್ಬೆರ್ (ಹಿಂದಿರುಗಿಸು), ಪೆದಿರ್‌ನಂತೆ ದೆಸ್ಪೆದಿರ್ (ಬೀಳ್ಕೊಡು), ಸೆಗಿರ್‌ನಂತೆ ಕೊನ್ಸೆಗಿರ್ (ಗಳಿಸು).

## ಹಂತ 4: ರೂಪಗಳನ್ನು ಬರೆಯಿರಿ, ಆದರೆ ‘ನಾವು’ ಮೊದಲು

ಹೆಚ್ಚಿನವರು ‘ನಾನು’ ರೂಪದಿಂದ ಆರಂಭಿಸುತ್ತಾರೆ. ಬಾಯಿಗೆ ಒತ್ತಕ್ಷರ ಹತ್ತಿಬಿಡುತ್ತದೆ, ನಾಲ್ಕನೆಯ ಸಾಲಿನಲ್ಲಿ ‘ಪ್ವೆದೆಮೊಸ್’ ತಾನಾಗಿ ಹೊರಬೀಳುತ್ತದೆ. ತಿರುಗಿಸಿ. ಮೂಲರೂಪದ ಕೆಳಗೆ ಮೊದಲು ‘ನಾವು’ ರೂಪ ಬರೆಯಿರಿ. ಅದರ ಧಾತು ಮೂಲರೂಪದ ಪಡಿಯಚ್ಚು. ಆಮೇಲೆ ಬೇರೆ ಬಣ್ಣದಲ್ಲಿ ‘ನಾನು’, ‘ನೀನು’, ‘ಅವನು’, ‘ಅವರು’.

ದೊರ್ಮಿರ್: ದೊರ್ಮಿಮೊಸ್. ದ್ವೆರ್ಮೊ, ದ್ವೆರ್ಮೆಸ್, ದ್ವೆರ್ಮೆ, ದ್ವೆರ್ಮೆನ್.
ಕೆರೆರ್: ಕೆರೆಮೊಸ್. ಕ್ಯೆರೊ, ಕ್ಯೆರೆಸ್, ಕ್ಯೆರೆ, ಕ್ಯೆರೆನ್.
ಪೆದಿರ್: ಪೆದಿಮೊಸ್. ಪಿದೊ, ಪಿದೆಸ್, ಪಿದೆ, ಪಿದೆನ್.

ದಿನಕ್ಕೆ ಮೂರು ಕ್ರಿಯಾಪದ ಸಾಕು, ಗುಂಪಿಗೊಂದರಂತೆ. ಬರೆದದ್ದನ್ನು ಓದಿ ಮೊಬೈಲ್‌ನಲ್ಲಿ ಮುದ್ರಿಸಿ, ಮರುದಿನ ಕೇಳಿ. ‘ದ್ವೆರ್‌’ ಮೇಲೆ ಧ್ವನಿ ಏರದೆ ‘ಮೊ’ ಮೇಲೆ ಏರಿದ್ದರೆ ಬರಹ ಸರಿಯಿದ್ದರೂ ಹಂತ 1 ಇನ್ನೂ ಕೈಗೆ ಬಂದಿಲ್ಲ.

## ಹಂತ 5: ‘ನಾನು’ ಮಾತ್ರ ಮೊಂಡು ಹಿಡಿಯುವ ಮೂವರು

ತೆನೆರ್ (ಇರು, ಹೊಂದಿರು), ಬೆನಿರ್ (ಬರು), ದೆಸಿರ್ (ಹೇಳು). ಇವುಗಳ ‘ನಾನು’ ರೂಪ ತೆಂಗೊ, ಬೆಂಗೊ, ದಿಗೊ. ಮೊದಲ ಎರಡರಲ್ಲಿ ಒತ್ತಕ್ಷರವೂ ಇಲ್ಲ. ಉಳಿದ ಕಡೆ ನಿಯಮದಂತೆ ತ್ಯೆನೆಸ್, ಬ್ಯೆನೆಸ್, ದಿಸೆಸ್. ‘ತ್ಯೆನೊ’ ಎಂದು ಎಲ್ಲರೂ ಒಮ್ಮೆ ಬರೆದೇ ಬರೆಯುತ್ತಾರೆ. ತೆಂಗನ್ನು ನೆನೆದರೆ ತೆಂಗೊ ಮರೆಯುವುದಿಲ್ಲ.

## ಹಂತ 6: ‘ಇರ್’ ಕ್ರಿಯಾಪದಗಳ ಎರಡನೆಯ ಬದಲಾವಣೆ

ನಿಧಾನವಾಗಿ ಓದಬೇಕಾದ ಹಂತ ಇದೊಂದೇ. ಮುಗಿದ ಭೂತಕಾಲದಲ್ಲಿ ಒತ್ತು ಸಾಮಾನ್ಯವಾಗಿ ಪ್ರತ್ಯಯಕ್ಕೇ ಬೀಳುತ್ತದೆ. ಆದ್ದರಿಂದ ಒತ್ತಕ್ಷರ ಬರಬಾರದು, ಬರುವುದೂ ಇಲ್ಲ: ಪೆನ್ಸೆ (ಯೋಚಿಸಿದೆ), ಪೆನ್ಸೊ (ಯೋಚಿಸಿದ), ಬೊಲ್ಬ್ಯೊ (ಮರಳಿದ). ಆರ್ ಮತ್ತು ಎರ್ ಕ್ರಿಯಾಪದಗಳ ಕಥೆ ಅಷ್ಟಕ್ಕೇ ಮುಗಿಯಿತು. ‘ಪ್ಯೆನ್ಸೆ’ ಎಂದು ಭೂತಕಾಲದಲ್ಲಿ ಬರೆದರೆ ಅದು ‘ನಾನು ಯೋಚಿಸಿದೆ’ ಆಗದು, ‘ತಾವು ಯೋಚಿಸಿ’ ಎಂಬ ವಿಧಿರೂಪವಾಗುತ್ತದೆ.

ಆದರೆ ಇದುವರೆಗೆ ನೋಡಿದ ಮೂರೂ ಗುಂಪುಗಳ ‘ಇರ್’ ಕ್ರಿಯಾಪದಗಳಿಗೆ ಇನ್ನೊಂದು ಚಾಳಿ ಇದೆ. ಒತ್ತಿಲ್ಲದ ಕಡೆಯೂ ಎಕಾರ ಇಕಾರವಾಗುತ್ತದೆ, ಒಕಾರ ಉಕಾರವಾಗುತ್ತದೆ, ಕೆಲವೆಡೆ ಮಾತ್ರ. ‘ಮೂರನೆಯ ಪುರುಷದಲ್ಲಿ ಬದಲಾಗುತ್ತದೆ’ ಎಂದು ಪುಸ್ತಕಗಳು ಹೇಳುತ್ತವೆ. ಕನ್ನಡದಲ್ಲಿ ಬರೆದುಕೊಂಡವರಿಗೆ ಅದಕ್ಕಿಂತ ಸುಲಭದ ದಾರಿ ಇದೆ: ಮುಂದಿನ ಅಕ್ಷರಕ್ಕೆ ಗುಡಿಸು ಇದೆಯೇ ನೋಡಿ.

ಗುಡಿಸು ಇದ್ದರೆ ಧಾತು ಹಾಗೆಯೇ ಉಳಿಯುತ್ತದೆ: ಪೆದಿ (ಬೇಡಿದೆ), ಪೆದಿಸ್ತೆ (ನೀನು ಬೇಡಿದೆ), ಪೆದಿಮೊಸ್ (ಬೇಡಿದೆವು). ಗುಡಿಸು ಇಲ್ಲದಿದ್ದರೆ ಬದಲಾಗುತ್ತದೆ: ಪಿದ್ಯೊ (ಬೇಡಿದ), ಪಿದ್ಯೆರೊನ್ (ಬೇಡಿದರು), ಪಿದ್ಯೆಂದೊ (ಬೇಡುತ್ತಾ). ದೊರ್ಮಿರ್ ಕೂಡ ಹಾಗೆಯೇ: ದೊರ್ಮಿ, ದೊರ್ಮಿಸ್ತೆ, ದೊರ್ಮಿಮೊಸ್, ಆದರೆ ದುರ್ಮ್ಯೊ, ದುರ್ಮ್ಯೆರೊನ್, ದುರ್ಮ್ಯೆಂದೊ. ಸೆಂತಿರ್: ಸೆಂತಿ, ಆದರೆ ಸಿಂತ್ಯೊ, ಸಿಂತ್ಯೆಂದೊ.

ಈ ಸೂತ್ರ ಭೂತಕಾಲದಾಚೆಗೂ ನಡೆಯುತ್ತದೆ. ಆಸೆ, ಅನುಮಾನ, ಆದೇಶಗಳಿಗೆ ಬಳಸುವ ಸಬ್ಜಂಕ್ಟಿವ್‌ನಲ್ಲಿ ‘ನಾವು’ ರೂಪಕ್ಕೆ ಒತ್ತು ಧಾತುವಿನ ಮೇಲಿಲ್ಲ, ಗುಡಿಸೂ ಇಲ್ಲ. ಹಾಗಾಗಿ ಪಿದಾಮೊಸ್, ದುರ್ಮಾಮೊಸ್, ಸಿಂತಾಮೊಸ್. ಎರ್ ಕ್ರಿಯಾಪದಕ್ಕೆ ಈ ಚಾಳಿ ಇಲ್ಲದ್ದರಿಂದ ಪೊದಾಮೊಸ್, ಕೆರಾಮೊಸ್.

ಕ್ರಮ ತಪ್ಪಬೇಡಿ. ಮೊದಲು ಒತ್ತನ್ನು ಕೇಳಿ. ಒತ್ತು ಧಾತುವಿನ ಮೇಲಿದ್ದರೆ ಹಂತ 3ರ ಬದಲಾವಣೆ ಮಾಡಿ, ಅಲ್ಲಿಗೆ ನಿಲ್ಲಿಸಿ. ಇಲ್ಲದಿದ್ದರೆ, ಅದು ‘ಇರ್’ ಕ್ರಿಯಾಪದವಾಗಿದ್ದರೆ ಮಾತ್ರ, ಗುಡಿಸು ನೋಡಿ.

ಸೂತ್ರಕ್ಕೆ ಸಿಗದ ಕೆಲವರನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ. ಪೊದೆರ್, ಕೆರೆರ್, ತೆನೆರ್, ಬೆನಿರ್, ದೆಸಿರ್ ಭೂತಕಾಲದಲ್ಲಿ ಪೂರ್ತಿ ಬೇರೆ ವೇಷ ಹಾಕುತ್ತವೆ: ಪುದೆ, ಕಿಸೆ, ತುಬೆ, ಬಿನೆ, ದಿಹೆ. ಪೊದೆರ್ ಎರ್ ಕ್ರಿಯಾಪದವಾಗಿಯೂ ‘ಪುದ್ಯೆಂದೊ’ ಎನ್ನುತ್ತದೆ.

## ಹಂತ 7: ಕೈ ಹಾಕಬಾರದ ಕಾಲಗಳು

ಸಾಗುತ್ತಿದ್ದ ಭೂತಕಾಲ, ಭವಿಷ್ಯತ್ತು, ‘ಮಾಡುತ್ತಿದ್ದೆ, ಆದರೆ’ ಎಂಬ ಷರತ್ತಿನ ರೂಪ. ಇಲ್ಲಿ ಒತ್ತು ಎಂದೂ ಧಾತುವಿನ ಮೇಲೆ ಬೀಳದು: ಪೆನ್ಸಾಬ, ದೊರ್ಮಿಯ, ಪೆದಿರೆ, ದೊರ್ಮಿರಿಯ. ಇವುಗಳಲ್ಲಿ ಒತ್ತಕ್ಷರ ಬಂದರೆ ಅದು ತಪ್ಪೇ. ನಿಘಂಟು ನೋಡುವ ಅಗತ್ಯವೂ ಇಲ್ಲ.

## ಹಂತ 8: ವಾಕ್ಯದಲ್ಲಿ ಕೂರಿಸಿ

ರೂಪಾವಳಿ ಸರಿ ಬಂದ ಮೇಲೂ ವಾಕ್ಯ ಕೆಡುವುದು ನಾಲ್ಕು ಕಡೆ.

ಎರಡು ಕ್ರಿಯಾಪದ ಜೊತೆಗೆ ಬಂದಾಗ ಬದಲಾಗುವುದು ಮೊದಲನೆಯದು ಮಾತ್ರ. ‘ನಿದ್ದೆ ಮಾಡಬೇಕು ಎನ್ನಿಸುತ್ತಿದೆ’ ಎನ್ನಲು ‘ಕ್ಯೆರೊ ದೊರ್ಮಿರ್’. ‘ಕ್ಯೆರೊ ದ್ವೆರ್ಮೊ’ ಎಂದರೆ ‘ಬಯಸುತ್ತೇನೆ ನಿದ್ರಿಸುತ್ತೇನೆ’ ಎಂದು ತೊದಲಿದಂತೆ.

ಕನ್ನಡದ ‘ಕೇಳು’ ನಮ್ಮನ್ನು ಹಳ್ಳಕ್ಕೆ ತಳ್ಳುತ್ತದೆ. ನೀರು ಕೇಳುವುದೂ ದಾರಿ ಕೇಳುವುದೂ ನಮಗೆ ಒಂದೇ. ಸ್ಪ್ಯಾನಿಷ್‌ನಲ್ಲಿ ವಸ್ತುವನ್ನೋ ಸಹಾಯವನ್ನೋ ಬೇಡುವುದು ಪೆದಿರ್, ಪ್ರಶ್ನೆ ಕೇಳುವುದು ಪ್ರೆಗುಂತಾರ್. ‘ಪಿದೊ ಆಗ್ವ’ ಎಂದರೆ ನೀರು ಕೇಳುತ್ತೇನೆ. ನಡುವೆ ಬೇರೆ ಪದ ಬೇಡ. ಪ್ರೆಗುಂತಾರ್ ಬದಲಾಗದ ಕ್ರಿಯಾಪದ ಎಂಬುದು ಸಮಾಧಾನದ ಸಂಗತಿ.

ಕ್ರಿಯಾಪದದ ಬಾಲಕ್ಕೆ ಬರುವ ಪುಟ್ಟ ಪದವನ್ನು ಜೊತೆಯಲ್ಲೇ ಕಲಿಯಿರಿ. ಎಂಪೆಸಾರ್ ಆದ ಮೇಲೆ ‘ಅ’: ಎಂಪ್ಯೆಸೊ ಅ ಕೊಮೆರ್, ತಿನ್ನಲು ಆರಂಭಿಸುತ್ತೇನೆ. ಯಾರನ್ನೋ ನೆನೆಯುವಾಗ ಪೆನ್ಸಾರ್ ‘ಎನ್’ ಬೇಡುತ್ತದೆ, ಕನಸು ಕಾಣುವ ಸೊನ್ಯಾರ್ ‘ಕೊನ್’ ಬೇಡುತ್ತದೆ. ‘ಬ್ವೆಲ್ಬೊ ಅ’ ಎಂದು ಇನ್ನೊಂದು ಕ್ರಿಯಾಪದ ಸೇರಿಸಿದರೆ ಮರಳುವ ಅರ್ಥ ಹೋಗಿ ‘ಮತ್ತೆ ಮಾಡುತ್ತೇನೆ’ ಎಂದಾಗುತ್ತದೆ.

ಮಳೆ ಮತ್ತು ನೋವಿನ ಕ್ರಿಯಾಪದಗಳಿಗೆ ‘ನಾನು’ ಹುಡುಕಬೇಡಿ. ಯೊಬೆರ್ ಎಂಬುದಕ್ಕೆ ‘ಯ್ವೆಬೆ’, ಮಳೆ ಬರುತ್ತಿದೆ. ದೊಲೆರ್ ಎಂಬುದಕ್ಕೆ ‘ಮೆ ದ್ವೆಲೆ ಲ ಕಬೆಸ’. ನಮ್ಮ ‘ನನಗೆ ತಲೆ ನೋಯುತ್ತಿದೆ’ ಎಂಬುದಕ್ಕೆ ಇದು ಎಷ್ಟು ಹತ್ತಿರವೆಂದರೆ, ಇಲ್ಲಿ ಕನ್ನಡದಲ್ಲಿ ಯೋಚಿಸುವುದೇ ಲಾಭ.

## ದಾರಿ ತಪ್ಪಿದ ಲಕ್ಷಣಗಳು

‘ಮೊಸ್’ ಎಂದು ಮುಗಿಯುವ ವರ್ತಮಾನ ರೂಪದ ಧಾತುವಿನಲ್ಲಿ ಒತ್ತಕ್ಷರ ಬಂದಿದ್ದರೆ ನಿಲ್ಲಿ. ಕಂಡ ಕಂಡ ಒಕಾರವೆಲ್ಲ ‘್ವೆ’ ಆಗತೊಡಗಿದ್ದರೆ ಹೊಸ ಕ್ರಿಯಾಪದ ಕಲಿಯುವುದನ್ನು ಒಂದು ವಾರ ಬಿಡಿ. ಕೊಮೆರ್, ಕೊರ್ರೆರ್ (ಓಡು), ಬೆಬೆರ್ (ಕುಡಿ), ದೆಬೆರ್ (ಮಾಡಬೇಕಾಗಿರು), ಕೊರ್ತಾರ್ (ಕತ್ತರಿಸು) ಮುಂತಾದ ಬದಲಾಗದವುಗಳನ್ನು ನಡುನಡುವೆ ಬೆರೆಸಿ ಅಭ್ಯಾಸ ಮಾಡಿ. ಬದಲಾಗುವವನ್ನೇ ಸಾಲಾಗಿ ಕಲಿತರೆ ಕೈ ಯೋಚಿಸುವುದನ್ನು ಮರೆಯುತ್ತದೆ.

ಹುಗಾರ್, ಎಂಪೆಸಾರ್‌ಗಳ ಭೂತಕಾಲದಲ್ಲಿ ‘ನಾನು’ ರೂಪದ ಕಾಗುಣಿತ ಬದಲಾದದ್ದನ್ನು ಕಂಡು ಅದನ್ನೂ ಧಾತು ಬದಲಾವಣೆ ಎಂದುಕೊಳ್ಳುವವರಿದ್ದಾರೆ. ಅಲ್ಲ. ಹುಗೆ, ಎಂಪೆಸೆ ಎಂದು ಉಚ್ಚಾರ ಹಾಗೆಯೇ ಉಳಿಯಲೆಂದು ಬರವಣಿಗೆ ಅಷ್ಟೇ ಹೊಂದಿಕೊಳ್ಳುತ್ತದೆ. ಸ್ವರಕ್ಕೆ ಏನೂ ಆಗಿಲ್ಲ.

ಕೊನೆಯದಾಗಿ, ‘ಮೆ ಸ್ಯೆಂತೊ’. ಸೆಂತಾರ್ ಎಂದರೆ ಕೂರಿಸು, ಸೆಂತಿರ್ ಎಂದರೆ ಅನ್ನಿಸು. ‘ಕುಳಿತುಕೊಳ್ಳುತ್ತೇನೆ’, ‘ನನಗೆ ಅನ್ನಿಸುತ್ತದೆ’ ಎರಡಕ್ಕೂ ಇದೇ ರೂಪ. ‘ಅವನು’ ರೂಪದಲ್ಲಿ ದಾರಿ ಬೇರೆಯಾಗುತ್ತದೆ: ಸೆ ಸ್ಯೆಂತ, ಕೂರುತ್ತಾನೆ, ಸೆ ಸ್ಯೆಂತೆ, ಅವನಿಗೆ ಅನ್ನಿಸುತ್ತದೆ. ಸಬ್ಜಂಕ್ಟಿವ್‌ಗೆ ಹೋದರೆ ಇವೆರಡೂ ಕುರ್ಚಿ ಅದಲು ಬದಲು ಮಾಡಿಕೊಳ್ಳುತ್ತವೆ. ಎರಡರ ಪೂರ್ಣ ರೂಪಾವಳಿಯನ್ನು ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ, ನಿಘಂಟು ಮುಚ್ಚಿಟ್ಟು ಬರೆಯಿರಿ. ಸಿಂತ್ಯೊ ಒಂದು ಪುಟದಲ್ಲಿ, ಸೆಂತೊ ಇನ್ನೊಂದರಲ್ಲಿ ತಾನಾಗಿ ಬಂದರೆ ಹಂತ 6 ಕೈವಶವಾಗಿದೆ.